ದಿಢೀರ್ ಜಗಳ ಎಂದು ಬರೆದವನು

ಜೈಲಿನ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಕೈದಿಗಳ ಹೊಡೆದಾಟವನ್ನು ದಿಢೀರ್ ಜಗಳ, ಹಳೆಯ ದ್ವೇಷ, ಸಂಚು ಎಂದು ವಿಂಗಡಿಸಿ ಬರೆಯುತ್ತಿದ್ದೆ. ಪೊಲೀಸರು ಅದನ್ನು ನೋಡಿಯೇ ತನಿಖೆಗೆ ಇಳಿಯುತ್ತಿದ್ದರು.

ಒಮ್ಮೆ ಒಬ್ಬ ಕೈದಿ ಇರಿತದಿಂದ ಸತ್ತ. ಇರಿದದ್ದು ಸ್ಟೀಲ್ ಚಮಚದಿಂದ. ಅದರ ಹಿಡಿಯನ್ನು ನೆಲಕ್ಕೆ ತಿಕ್ಕಿ ಅಷ್ಟು ಚೂಪು ಮಾಡಲು ವಾರವಾದರೂ ಬೇಕು. ಸಂಚೇ ಎಂದು ನನಗೆ ಗೊತ್ತಾಯಿತು.

"ದಿಢೀರ್ ಜಗಳ ಅಂತ ಬರೀರಿ. ರಿಟೈರ್ ಆಗೋಕೆ ಎಷ್ಟು ತಿಂಗಳಿದೆ ನಿಮ್ಗೆ?" ಎಂದರು ಜೈಲಿನ ದೊಡ್ಡ ಸಾಹೇಬರು. ಪಿಂಚಣಿಗೆ ಹೆದರಿ, ಊಟದ ಸಾಲಿನಲ್ಲಿ ಆದ ದಿಢೀರ್ ಜಗಳ ಎಂದು ಬರೆದೆ.

ಮೊನ್ನೆ ಸತ್ತವನ ಹೆಂಡತಿ ಆ ವರದಿಯ ಪ್ರತಿ ಹಿಡಿದು ಅತ್ತಿಗುಪ್ಪೆಯ ನಮ್ಮ ಮನೆಗೆ ಬಂದಳು.

"ಈ ಸಹಿ ನಿಮ್ದೇನಾ ಸಾರ್? ಊಟದ ಸಾಲಲ್ಲಿ ಜಗಳ ಆಡಿ ಸತ್ರಾ ನಮ್ಮನೆಯವ್ರು?"

"ಇಲ್ಲಮ್ಮ, ನಾನು ಬರೆದಿದ್ದು ಸುಳ್ಳು."

"ಬಾಯಲ್ಲಿ ಹೇಳಿ ನಾಳೆ ಇಲ್ಲ ಅಂತೀರ. ಬರ್ಕೊಡಿ."

ಬರೆದು ಸಹಿ ಹಾಕುವವರೆಗೂ ಅವಳು ನನ್ನ ಕೈಯಿಂದ ಕಣ್ಣು ಕೀಳಲಿಲ್ಲ.