ತಟ್ಟೆಯಲ್ಲಿ ಬಂದ ಕಲ್ಲುಸಕ್ಕರೆ

ಮೆಥ್ ಎಂಬ ನಶೆಯ ಹರಳನ್ನು ತಡೆಯಲು ಕಾಯ್ದೆ ಮಾಡುತ್ತಿದ್ದ ಶಾಸಕರೊಬ್ಬರ ಜೊತೆ, ನಾನೇ ಬರೆದ ಅದರ ಕರಡು ಹಿಡಿದುಕೊಂಡು ಘೋಡಗೇರಿ ಎಂಬ ಹಳ್ಳಿಯ ಸಭೆಗೆ ಹೋಗಿದ್ದೆ. ಆ ಹರಳು ನೋಡಲು ಹೀಗಿರುತ್ತದೆ ಎಂದು ತೋರಿಸಲು ಶಾಸಕರು ಒಂದು ತಟ್ಟೆ ಕಲ್ಲುಸಕ್ಕರೆಯನ್ನು ಜನರ ನಡುವೆ ದಾಟಿಸಿದರು. ಮುಂದೆ ಕೂತಿದ್ದ ಅಜ್ಜ ಒಂದು ಹರಳು ತೆಗೆದು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಉಳಿದವರೂ ಹಾಗೇ ಮಾಡಿದರು. ತಟ್ಟೆ ಖಾಲಿಯಾಗಿ ವಾಪಸ್ ಬಂತು.

"ಅಜ್ಜಾರ, ಅದು ಬರೇ ನೋಡಾಕ ಕೊಟ್ಟಿದ್ದು. ಯಾರರ ಇಂಥಾದು ಕೊಟ್ರ ತಿನ್ನಬಾರದ್ರಿ," ಎಂದರು ಶಾಸಕರು.

"ಗುರ್ತಿಲ್ಲದವ್ರು ಕೊಟ್ರ ನಾವೂ ತಿನ್ನಂಗಿಲ್ರಿ. ನೀವು ನಮ್ಮವ್ರು, ಕೊಟ್ರಿ, ತಿಂದ್ವಿ," ಎಂದರು ಅಜ್ಜ, ಇನ್ನೂ ಚೀಪುತ್ತಲೇ.

ಶಾಸಕರು ನನ್ನ ಕಡೆ ನೋಡಿದರು. ನಾನು ಕರಡು ತಿರುವಿದೆ. ಮಾರುವವರಿಗೂ ಸಾಗಿಸುವವರಿಗೂ ಅದರಲ್ಲಿ ಶಿಕ್ಷೆ ಇತ್ತು. ನಮ್ಮವರೇ ಕೊಟ್ಟಾಗ ಬೇಡ ಅನ್ನುವುದು ಹೇಗೆಂದು ಎಲ್ಲೂ ಬರೆದಿರಲಿಲ್ಲ.