ಮುತ್ಯಾ ಕಿತ್ತ ಹುಲ್ಲು

ಸಂತೆಯಲ್ಲಿ ಕೊತ್ತಂಬರಿ ಕೊಳ್ಳಲು ಬಾಗಿದಾಗ ಪಕ್ಕದ ಬುಟ್ಟಿಯಿಂದ ಗವತಿ ಚಹಾದ, ಅದೇ ಚಹಾಕ್ಕೆ ಹಾಕುವ ನಿಂಬೆಹುಲ್ಲಿನ, ವಾಸನೆ ಬಂದರೆ ಸಾಕು, ಕೈಚೀಲ ಹಿಡಿದು ನಿಂತಲ್ಲಿಂದಲೇ ನಾನು ಅಕ್ಕಲಕೋಟೆ ಕಡೆಯ ಕರಜಗಿಯ ನಮ್ಮ ಹಿತ್ತಲಿಗೆ ಹೋಗಿಬಿಡುತ್ತೇನೆ. ಐವತ್ತರ ದಶಕ, ನಾನಿನ್ನೂ ಸಣ್ಣ ಹುಡುಗಿ. ಬಚ್ಚಲ ನೀರು ಹರಿಯುವಲ್ಲಿ ಬದನೆ, ಪುಂಡಿಪಲ್ಯ, ಹಂದರದ ತುಂಬ ಸಂಜೆಗೆ ಅರಳುವ ಹೀರೆಯ ಹಳದಿ ಹೂವು. ಅದೆಲ್ಲ ನಮ್ಮಜ್ಜನ, ಅಂದರೆ ಮುತ್ಯಾನ ರಾಜ್ಯ. ಆ ವರ್ಷ ಕಾಕಾನ ಮದುವೆಯಾಗಿ ಸೊಲ್ಲಾಪುರದ ಗಿರಣಿ ಚಾಳಿನಿಂದ ಚಿಗವ್ವ ಬಂದಳು. ತವರಿನ ನಳದ ಬದಿಯಲ್ಲಿ ಬೆಳೆದಿದ್ದ ಗವತಿ ಚಹಾದ ಒಂದು ಬುಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಯಾರಿಗೂ ಹೇಳದೆ ಹಿತ್ತಲ ಮೂಲೆಯಲ್ಲಿ ನೆಟ್ಟಳು. ಒಂದು ಎಲೆ ಹೊಸಕಿ ನನ್ನ ಮೂಗಿಗೆ ಹಿಡಿದು, "ಹುಲ್ಲಿನಾಗ ಲಿಂಬಿಹಣ್ಣ ಅಡಗ್ಯಾದ ನೋಡು" ಎಂದು ನಕ್ಕಳು.

ಜೀವಮಾನವೆಲ್ಲ ಜೋಳದ ಹೊಲದಲ್ಲಿ ಕಸ ಕಿತ್ತ ಮುತ್ಯಾನ ಕೈ ಹುಲ್ಲು ಕಂಡರೆ ಸುಮ್ಮನಿರುತ್ತಿರಲಿಲ್ಲ. ಒಂದು ಮುಂಜಾನೆ ಅದನ್ನು ಬೇರುಸಮೇತ ಕಿತ್ತು ಎಮ್ಮೆಯ ಮುಂದೆ ಒಗೆದ. ಎಮ್ಮೆ ಮೂಸಿ, ಸೀನಿ, ಸಗಣಿಯಲ್ಲಿ ತುಳಿದುಹಾಕಿತು. ಊಟಕ್ಕೆ ಕೂತು ರೊಟ್ಟಿ ಮುರಿಯುವಾಗ ಮುತ್ಯಾ, "ಇದೇನು, ನನ್ನ ಕೈ ಲಿಂಬಿಹಣ್ಣಿನ ವಾಸ ಹೊಡಿಯಾಕತ್ತಾವಲ್ಲ!" ಎಂದ. ಬಡಿಸುತ್ತಿದ್ದ ಚಿಗವ್ವ ಹಿತ್ತಲಿಗೆ ಓಡಿದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಆ ಹೊತ್ತು ಉಣ್ಣಲಿಲ್ಲ. ನನ್ನಿಂದ ಸಂಗತಿ ತಿಳಿದ ಮುತ್ಯಾ, "ಹುಲ್ಲ ಯಾರರೆ ಹಚ್ಚತಾರೇನು?" ಎಂದು ಗೊಣಗಿದನಾದರೂ ಅವನ ರೊಟ್ಟಿಯೂ ತಾಟಿನಲ್ಲೇ ಉಳಿಯಿತು.

ಮರುದಿನ ತಲೆಗೆ ಪಟಕಾ ಸುತ್ತಿಕೊಂಡು, "ಸೊಲ್ಲಾಪುರದಾಗ ಕೆಲಸ ಅದ, ನಡಿ ಯವ್ವಾ" ಎಂದು ನನ್ನನ್ನೂ ಬಸ್ಸು ಹತ್ತಿಸಿದ. ಇಳಿದು ನೇರ ಚಾಳಿಗೇ ಹೋದೆವು. ಬೀಡಿ ಕಟ್ಟುತ್ತಿದ್ದ ಚಿಗವ್ವನ ತಾಯಿ ಗಾಬರಿಯಿಂದ ಎದ್ದು, "ಮಗಳು ಆರಾಮ ಅದಾಳಿಲ್ರಿ?" ಎಂದಳು.

"ಆಕಿ ಆರಾಮ ಅದಾಳ್ರಿ. ತಪ್ಪ ನಂದು. ನೀವು ಕೊಟ್ಟಿದ್ದ ಗವತಿ ಚಹಾ ಕಸ ಅಂತ ತಿಳದು ಕಿತ್ತ ಒಗದೀನ್ರಿ."

ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯ ಬೀಗರ, ಇಷ್ಟಕ್ಕ ಇಲ್ಲಿತನಕ ಬಂದೀರೇನ್ರಿ!"

ತಿರುಗಿ ಬರುವಾಗ ಆಕೆ ಕಿತ್ತುಕೊಟ್ಟ ಹೊಸ ಬುಡ ಮುತ್ಯಾನ ತೊಡೆಯ ಮೇಲಿತ್ತು. ಬಸ್ಸೆಲ್ಲ ಘಮಘಮ. ಕಂಡಕ್ಟರ್ ಮೂಗರಳಿಸಿ, "ಮಾಮಾ, ಛಾನ ವಾಸ!" ಎಂದದ್ದೇ ತಡ, ಮುತ್ಯಾ ಹಿಗ್ಗಿ ಅವನಿಗೊಂದು ಎಲೆ, ಮಗ್ಗುಲಿನವನಿಗೊಂದು ಎಲೆ ಕೊಡುತ್ತ ಬಂದ, ಊರು ಮುಟ್ಟುವಷ್ಟರಲ್ಲಿ ಮೋಟು ಬುಡವಷ್ಟೇ ಉಳಿದಿತ್ತು. ಸೊಸೆಯೊಡನೆ ನೇರ ಮಾತಾಡುವ ರೂಢಿಯಿಲ್ಲದ ಮುದುಕ ಅಂದು ಹಿತ್ತಲಿನಿಂದಲೇ ಕೂಗಿದ: "ಕಮಲವ್ವಾ, ಬಾ ಇಲ್ಲಿ. ಎಲ್ಲಿ ಹಚ್ಚಲಿ ಹೇಳು." ಚಿಗವ್ವ ಸೆರಗು ಹೊದ್ದು ಬಂದು, ತುಸು ಹೊತ್ತು ನೋಡಿ, ಬದನೆಯ ಸಾಲಿನ ನಟ್ಟನಡುವೆ ಬೆರಳು ತೋರಿಸಿದಳು. ಮುತ್ಯಾ ಕಾಯಿಬಿಟ್ಟ ಒಂದು ಬದನೆ ಗಿಡ ಕಿತ್ತು ಜಾಗ ಮಾಡಿದ.

ಅದು ಮೊಣಕಾಲೆತ್ತರ ಬೆಳೆಯಿತು, ಓಣಿಯೆಲ್ಲ ಒಯ್ದರೂ ಮುಗಿಯದಷ್ಟು. ಮುತ್ಯಾ ತೀರಿಕೊಂಡ ಮೇಲೂ ಬಂದವರಿಗೆಲ್ಲ ಚಹಾ ಕೊಡುತ್ತ ಚಿಗವ್ವ, "ನಮ್ಮ ಮಾವ ಸೊಲ್ಲಾಪುರದಿಂದ ತಂದ ಹಚ್ಚಿದ್ದು" ಎನ್ನುತ್ತಿದ್ದಳು. ಕಿತ್ತ ಸಂಗತಿಯನ್ನು ಕೊನೆಯವರೆಗೂ ಯಾರ ಮುಂದೆಯೂ ಎತ್ತಲಿಲ್ಲ. ಈಗ ಆಕೆಯೂ ಇಲ್ಲ. ನಾನಿದನ್ನು ಹೇಳಿದರೆ ಸಿಟ್ಟಾಗುವವರು ಯಾರೂ ಉಳಿದಿಲ್ಲ, ನನ್ನ ಜೊತೆ ಕೂತು ನಗುವವರೂ ಇಲ್ಲ.