ನಾಲ್ಕರಲ್ಲಿ ಒಂದು ಪಾಲು ಖಾಲಿ

ನನ್ನ ಗಂಡ ಹಂಪಿಯಲ್ಲಿ ಗೈಡ್ ಆಗಿದ್ದರು. ಹದಿನೆಂಟು ವರ್ಷ ಅದೇ ಕಲ್ಲುಗಳ ಮುಂದೆ ಅದೇ ಮಾತು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ನಾನು ಕಾಡಿಸಿದರೆ, "ಬಾಯಿದ್ದೋನು ಬರಗಾಲದಾಗೂ ಬದುಕ್ತಾನ, ಗೊತ್ತಿಲ್ಲೇನು ನಿನಗ?" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೊಸಪೇಟೆಯ ನಮ್ಮ ಮನೆಯಲ್ಲಿ ಕೆಲಸಕ್ಕೆ ಹೊರಟು ಷೂ ಹಾಕಿಕೊಳ್ಳುವಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಅಷ್ಟಿಷ್ಟು ವಾಪಸು ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ತಿರುಗಿ ಹೇಳಲು ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಹುಡುಗಿಯೊಬ್ಬಳು ಉಪಾಯ ಹೇಳಿದಳು. ಟ್ಯಾಬ್ಲೆಟ್ಟಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳಬೇಕು. ಪರದೆಯ ತುಂಬ ಚಿತ್ರದ ಚೌಕಗಳು. ಲೋಟದ ಚಿತ್ರ ಒತ್ತಿದರೆ ಅದು ದನಿ ತೆಗೆದು ನೀರು ಕೇಳುತ್ತದೆ, ತಟ್ಟೆ ಒತ್ತಿದರೆ ಊಟ. ಟ್ಯಾಬ್ಲೆಟ್ ಮನೆಯಲ್ಲೇ ಇತ್ತು. ಬಿದ್ದ ಮಂಟಪಗಳು ಹಿಂದೆ ಹೇಗಿದ್ದವೆಂದು ಪ್ರವಾಸಿಗಳಿಗೆ ಚಿತ್ರ ತೋರಿಸಲು ಇವರೇ ಕೊಂಡದ್ದು. ಆ ಹುಡುಗಿ ಆ್ಯಪ್ ಹಾಕಿಕೊಟ್ಟು, "ಮೇಡಂ, ಒಂದು ನೆನಪಿಡ್ರಿ. ಟ್ಯಾಬ್ಲೆಟ್ ಮೆಮೊರಿಯಾಗ ಯಾವಾಗ್ಲೂ ನಾಕರಾಗ ಒಂದು ಪಾಲು ಖಾಲಿ ಇರ್ಲಿ. ಪೂರ್ತಿ ತುಂಬಿದ್ರ ಹೊಸ ಮಾತು ತಗಳಲ್ಲ, ಇದ್ದದ್ದೂ ನಿಂತು ಬಿಡ್ತೈತಿ" ಎಂದಳು.

ಜೊತೆಗೆ ಬಂದಿದ್ದ ಅತ್ತೆಗೆ ಇದು ನನಗಿಂತ ಬೇಗ ತಿಳಿಯಿತು. "ಉಪ್ಪಿನಕಾಯಿ ಭರಣಿ ಇದ್ದಂಗ. ಬಾಯಿಮಟ ತುಂಬಿದ್ರ ಉಕ್ಕತೈತಿ" ಎಂದರು. ನಾನು ತಲೆಯಾಡಿಸಿದೆ. ಸಂಡೂರಿನ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುವವಳು ನಾನು. ನನಗೆ ಯಾರೂ ಕಂಪ್ಯೂಟರ್ ಪಾಠ ಹೇಳಬೇಕಾಗಿರಲಿಲ್ಲ ಎಂಬ ಬಿಗುಮಾನ ಬೇರೆ.

ಆ್ಯಪ್ಪಿನಲ್ಲಿ ಮೊದಲೇ ಇದ್ದ ದನಿ "ದಯವಿಟ್ಟು ನನಗೆ ಕುಡಿಯಲು ನೀರನ್ನು ಕೊಡಿ" ಎಂದಾಗ ಅತ್ತೆ ಮುಖ ಗಂಟಿಕ್ಕಿದರು. "ಇದ್ಯಾರವ್ವ, ರೇಡಿಯೋದಾಕಿ ಮನಿಗೆ ಬಂದಂಗಾತು. ನನ್ನ ಮಗ ಹಿಂಗ ಯಾವಾಗ ಮಾತಾಡ್ಯಾನ?" ಆ ದನಿಯನ್ನು ತೆಗೆದು ನಮ್ಮ ಮಾತೇ ತುಂಬಿದೆವು. ಅತ್ತೆ ಕಂಪ್ಲಿಯವರು, ಗಟ್ಟಿ ಗಂಟಲು. ಟ್ಯಾಬ್ಲೆಟ್ಟನ್ನು ಬಾಯಿಗೆ ಹಿಡಿದು "ನೀರು ಕೊಡು", "ಹೊಟ್ಟಿ ಹಸ್ದೈತಿ", "ಫ್ಯಾನ್ ಹಾಕು", "ಬಾತ್ರೂಮಿಗೆ ಕರ್ಕಂಡ್ ಹೋಗು" ಎಂದು ಒಂದೊಂದಾಗಿ ಹೇಳಿದರು. ಮೀಸೆಯ ಗಂಡಸು ಗುಂಡಿ ಒತ್ತಿದರೆ ಎಪ್ಪತ್ತರ ಹೆಂಗಸು ಮಾತಾಡುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ಮೊದಲ ಸಲ ನಕ್ಕದ್ದು ಆವತ್ತೇ. ಅರ್ಧ ಮುಖದಲ್ಲಿ ನಕ್ಕರು.

ಆದರೆ ಟ್ಯಾಬ್ಲೆಟ್ ಆಗಲೇ ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು. ತುಂಬಿದ್ದು ಅವರದೇ ವಿಡಿಯೋಗಳಿಂದ. ಪ್ರವಾಸಿಗಳು ಕಡಿಮೆಯಿರುವ ಬೇಸಿಗೆಯಲ್ಲಿ ಒಂದೊಂದು ಗುಡಿ, ಪುಷ್ಕರಣಿಯ ಮುಂದೆ ನಿಂತು ತಮ್ಮ ವಿವರಣೆಯನ್ನು ತಾವೇ ವಿಡಿಯೋ ಮಾಡಿಕೊಂಡು, ಮನೆಗೆ ಬಂದು ನೋಡಿ ತಿದ್ದಿಕೊಳ್ಳುತ್ತಿದ್ದರು. ಕೆಲವು ಮುಕ್ಕಾಲು ಗಂಟೆಯವು. ದಿನಗಳೆದಂತೆ ಚೌಕಗಳು ಹೆಚ್ಚಿದವು, ನೋಡಲು ಬಂದ ನೆಂಟರ ಫೋಟೋಗಳೂ ಸೇರಿದವು. ಪರದೆಯ ಮೇಲೆ ಜಾಗ ಮುಗಿಯಿತೆಂಬ ಎಚ್ಚರಿಕೆ ಬರತೊಡಗಿತು. ನಾನು "ಆಮೇಲೆ" ಎಂಬುದನ್ನು ಒತ್ತುತ್ತಿದ್ದೆ. ಎರಡು ವಾರ ಹಾಗೇ ಒತ್ತಿದೆ.

ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿ ಅಲ್ಲಿಂದ ಅಳಿಸಬಹುದಿತ್ತು. ಆಫೀಸಿನಲ್ಲಿ ದಿನಾ ಮಾಡುವ ಕೆಲಸ ಅದು. ಮಾಡಲಿಲ್ಲ, ಏಕೆಂದರೆ ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ನಾನು ಅವನ್ನು ಹಚ್ಚಿಕೊಳ್ಳುತ್ತಿದ್ದೆ. ಕಲ್ಲುಗಳ ಬಗ್ಗೆ ನನಗೇನೂ ಆಸಕ್ತಿಯಿಲ್ಲ. ಆ ದನಿ ಬೇಕಿತ್ತು, ಅಷ್ಟೆ. ನನ್ನ ಮೊಬೈಲು ಆಫೀಸಿನ ಗ್ರೂಪುಗಳಿಂದಲೇ ಉಬ್ಬಿತ್ತು, ಅದರಲ್ಲಿ ಹಿಡಿಯುತ್ತಿರಲಿಲ್ಲ.

ಒಂದು ಬುಧವಾರ ಸಂಡೂರಿನಿಂದ ಆರು ಗಂಟೆಯ ಹೊತ್ತಿಗೆ ಮನೆಗೆ ಬಂದೆ. ತಂತಿಯ ಮೇಲೆ ಹಾಸಿಗೆಯ ಬಟ್ಟೆ ಒಣಗುತ್ತಿತ್ತು. ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದರು. ಮಧ್ಯಾಹ್ನ ಇವರು ಬಾತ್ರೂಮಿನ ಚೌಕ ಒತ್ತಿದ್ದಾರೆ. ಟ್ಯಾಬ್ಲೆಟ್ ಸದ್ದು ಮಾಡಿಲ್ಲ, ಪರದೆ ಹಾಗೇ ನಿಂತುಬಿಟ್ಟಿದೆ. ಎಡಗೈಯಿಂದ ಮಂಚ ಬಡಿದಾಗ ಹಿತ್ತಲಲ್ಲಿದ್ದ ಅತ್ತೆ ಓಡಿ ಬಂದಿದ್ದಾರೆ. "ಎಲ್ಲಾ ತಂದ್ ಕೊಟ್ಟೆ ನೋಡವ್ವ. ನೀರು ತಂದೆ, ರೊಟ್ಟಿ ತಂದೆ, ಚಾದರ ಹೊಚ್ಚಿದೆ. ಅದೊಂದು ತಿಳೀಲಿಲ್ಲ ನನಗ. ಹೆತ್ತಾಕಿಗೆ ತಿಳೀಲಿಲ್ಲ." ಒಳಗೆ ಇವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ಕರೆದರೂ ತಿರುಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಸಂಜೆಯೇ ನೆಂಟರ ಫೋಟೋ ಅಳಿಸಿದೆ, ಆ್ಯಪ್ ಮತ್ತೆ ಎದ್ದಿತು. ಆದರೆ ನಾಲ್ಕರಲ್ಲಿ ಒಂದು ಪಾಲು ಖಾಲಿಯಾಗಲು ಆ ಫೋಟೋಗಳೆಲ್ಲಿ ಸಾಲುತ್ತವೆ? ಭಾನುವಾರ ಬೆಳಿಗ್ಗೆ ಆಫೀಸಿನ ಲ್ಯಾಪ್‌ಟಾಪ್, ಹೊಸ ಪೆನ್‌ಡ್ರೈವ್ ಇಟ್ಟುಕೊಂಡು ಅವರ ಪಕ್ಕದಲ್ಲೇ ಕುಳಿತೆ. ವಿಡಿಯೋಗಳು ಒಂದೊಂದಾಗಿ ನಕಲಾಗುತ್ತಿದ್ದವು. ಸುಮ್ಮನೆ ಕೂರಲಾರದೆ ಕೇಳಿದೆ, "ಇವನ್ನ ಅಡಿಗಿ ಮನ್ಯಾಗ ಹಚ್ಚಿದ್ರ ನಿಮಗ ಕೇಳಸ್ತಿತ್ತೇನ್ರಿ?"

ಅವರು ಚೌಕ ಒತ್ತಿದರು. "ಹೌದು" ಎಂದಿತು ಅತ್ತೆಯ ದನಿ.

"ಸಂಕಟ ಆಗ್ತಿತ್ತಾ?"

"ಹೌದು." ಮತ್ತೊಮ್ಮೆ ಒತ್ತಿದರು. "ಹೌದು."

ಹಾಗಿದ್ದರೆ ಹೇಳಬಾರದಾಗಿತ್ತೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಲು ಬೇಕಾದ ಟ್ಯಾಬ್ಲೆಟ್ಟೇ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ, ನನ್ನ ಹಿಟ್ಟಿನ ಡಬ್ಬಿಗೆ ಒರಗಿಕೊಂಡಿರುತ್ತಿತ್ತು. ದಿನಾ ಅರ್ಧ ಗಂಟೆ ಅವರ ಬಾಯನ್ನು ನಾನು ಎತ್ತಿಕೊಂಡು ಹೋಗುತ್ತಿದ್ದೆ. ಇತ್ತ ಪಡಸಾಲೆಯಲ್ಲಿ ಅವರು ಮೂಕರಾಗಿ ಮಲಗಿ, ತಾವೇ ನಿರರ್ಗಳವಾಗಿ ಮಾತಾಡುವುದನ್ನು ಕೇಳುತ್ತಿದ್ದರು. ಇಷ್ಟು ದಿನ ಒಮ್ಮೆಯೂ ಇದು ನನಗೆ ಹೊಳೆದಿರಲಿಲ್ಲ.

ನಕಲು ಮುಗಿಯಿತು. ಎರಡೆರಡು ಸಲ ತೆರೆದು ನೋಡಿದೆ. ಅಳಿಸುವ ಕೆಲಸಕ್ಕೆ ನನ್ನ ಕೈ ಬರಲಿಲ್ಲ. ಅವರು ಟ್ಯಾಬ್ಲೆಟ್ ಎಳೆದುಕೊಂಡು, ಎಡಗೈ ಹೆಬ್ಬೆರಳಿನಿಂದ ಎಲ್ಲವನ್ನೂ ಆಯ್ದು ಅಳಿಸಿದರು. ಅದಕ್ಕೆ ಹಿಡಿದದ್ದು ಒಂದು ನಿಮಿಷವೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು.

"ಈಗ ಮೊದ್ಲು ಯಾವ ಮಾತು ಹಾಕೂಣ್ರಿ?" ಎಂದೆ.

ಅವರು ನನ್ನ ಕಡೆ ಬೆರಳು ಮಾಡಿದರು. ಆಗ ನೋಡಿದೆ. ಅವರ ಅಮ್ಮನಿಗೆ ಚೌಕವಿತ್ತು, ಕಾಲೇಜಿಗೆ ಹೋಗುವ ಮಗಳಿಗಿತ್ತು, ಹಾಲಿನವನಿಗೂ ಇತ್ತು. ನನಗಿರಲಿಲ್ಲ. ನಮ್ಮ ಮನೆಯಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಹಿರಿಯರ ಎದುರಿಗಂತೂ ಇಲ್ಲವೇ ಇಲ್ಲ. ಹೊಸ್ತಿಲಲ್ಲಿ ಕೆಮ್ಮಿ "ಏ, ಎಲ್ಲೀ?" ಎಂದರೆ ಅದು ನಾನು. ಹಾಗಾಗಿ ಚೌಕ ತುಂಬುವಾಗ ಅತ್ತೆಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ನನ್ನದೊಂದು ಫೋಟೋ ತೆಗೆದು ಚೌಕ ಮಾಡಿದೆ. ಕೆಂಪು ಗುಂಡಿ ಒತ್ತಿ, ಏನು ಹೇಳುವುದೆಂದು ತೋಚದೆ ಬಾಯಿ ಹತ್ತಿರ ತಂದೆ. ಅವರು ಮೊಣಕೈಯಿಂದ ನನ್ನನ್ನು ಸರಿಸಿದರು. ಟ್ಯಾಬ್ಲೆಟ್ಟನ್ನು ಎದೆಗೆ ಒರಗಿಸಿಕೊಂಡು, ತಾವೇ ಗುಂಡಿ ಒತ್ತಿ, ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಒಂದು ದಪ್ಪ ಸದ್ದು ಹೊರಟಿತು, "ಏ"ಯೂ ಅಲ್ಲ, ಕೆಮ್ಮೂ ಅಲ್ಲ. ಅದನ್ನೇ ಉಳಿಸಿದರು.

ಆ ಟ್ಯಾಬ್ಲೆಟ್ಟಿನಲ್ಲಿ ಅವರ ದನಿಯೆಂದು ಈಗಿರುವುದು ಅದೊಂದೇ. ದಿನಕ್ಕೆ ಹತ್ತಾರು ಸಲ ಕೇಳಿಸುತ್ತದೆ, ಎಷ್ಟೋ ಸಲ ಏನೂ ಬೇಕಾಗಿರುವುದಿಲ್ಲ. ನಾನು "ಬಂದೆ" ಎನ್ನುತ್ತೇನೆ, ಹೋಗುತ್ತೇನೆ.